ದುರ್ಬಲ ಯಾರು? ಒಂದು ಸಿನಿಮಾ, ಒಂದು ನಗರ, ಎರಡು ಚುನಾವಣೆಗಳು

ಸೋಲುವ ಅಭ್ಯರ್ಥಿಯ ಮೇಲೆ ಸಿನಿಮಾದವರಿಗೆ ಮೊದಲಿನಿಂದಲೂ ಒಂದು ಮಮತೆ. ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಪಕ್ಷವಿಲ್ಲ, ಜೊತೆಗೆ ನಾಲ್ಕೇ ಜನ ಗೆಳೆಯರು, ಎದುರಿಗೆ ಬೇರೂರಿದ ಎದುರಾಳಿ. ಇಷ್ಟಿದ್ದರೆ ಸಾಕು, ಪ್ರೇಕ್ಷಕ ಯಾರೂ ಕರೆಯದೆಯೇ ಆತನ ಪಕ್ಷ ಸೇರಿಬಿಡುತ್ತಾನೆ. ಸ್ಟೀಫನ್ ಜಿಲ್ಲೆನ್‌ಹಾಲ್ ನಿರ್ದೇಶಿಸಿದ, 2012ರಲ್ಲಿ ತೆರೆಕಂಡ ಅಮೆರಿಕದ ಚಿತ್ರ 'ಗ್ರಾಸ್‌ರೂಟ್ಸ್' ನಮ್ಮನ್ನೂ ಹೀಗೆಯೇ ಸೇರಿಸಿಕೊಳ್ಳುತ್ತದೆ. ಇದು ದೊಡ್ಡ ಹೆಸರು ಮಾಡಿದ ಚಿತ್ರವೇನಲ್ಲ. ನಿರ್ದೇಶಕರಿಗಿಂತ ಅವರ ಮಕ್ಕಳಾದ ಜೇಕ್ ಮತ್ತು ಮ್ಯಾಗಿಯರನ್ನೇ ಸಿನಿಮಾ ನೋಡುವವರು ಹೆಚ್ಚು ಬಲ್ಲರು. ಆದರೂ ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ನಮಗೆ ಅನ್ನಿಸಿದ್ದು ಚಿತ್ರ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿದ ಒಂದು ಕಸಿವಿಸಿಯಿಂದ.

ಕತೆ ನಿಜವಾಗಿ ನಡೆದದ್ದು. 2001ರಲ್ಲಿ ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ ಗ್ರಾಂಟ್ ಕಾಗ್ಸ್‌ವೆಲ್ ಎಂಬ ಯುವಕ ನಗರ ಕೌನ್ಸಿಲಿಗೆ ಸ್ಪರ್ಧಿಸಿದ. ಸಂಗೀತದ ಬಗ್ಗೆ ಬರೆಯುತ್ತಿದ್ದವನು, ಕವಿತೆಯ ಹುಚ್ಚು ಇದ್ದವನು, ಕೈಯಲ್ಲಿ ನೌಕರಿ ಇಲ್ಲದವನು. ಆತನ ಪ್ರಚಾರದ ಉಸ್ತುವಾರಿ ಹೊತ್ತದ್ದು ಪತ್ರಿಕೆಯೊಂದರಿಂದ ಆಗಷ್ಟೇ ಹೊರಬಿದ್ದಿದ್ದ ಫಿಲ್ ಕ್ಯಾಂಪ್‌ಬೆಲ್ ಎಂಬ ವರದಿಗಾರ. ಈ ಅನುಭವವನ್ನು ಕ್ಯಾಂಪ್‌ಬೆಲ್ ಮುಂದೆ 2005ರಲ್ಲಿ ಪುಸ್ತಕವಾಗಿ ಬರೆದ. ಚಿತ್ರಕ್ಕೆ ಆಧಾರ ಅದೇ ಪುಸ್ತಕ. ತೆರೆಯ ಮೇಲೆ ಕಾಗ್ಸ್‌ವೆಲ್ ಆಗಿ ಜೋಯಲ್ ಡೇವಿಡ್ ಮೂರ್ ಕೂಗಾಡುತ್ತಾರೆ, ಹಿಮಕರಡಿಯ ವೇಷ ತೊಟ್ಟು ತಿರುಗುತ್ತಾರೆ. ಕ್ಯಾಂಪ್‌ಬೆಲ್ ಆಗಿ ಜೇಸನ್ ಬಿಗ್ಸ್ ಆತನನ್ನು ಸಂಭಾಳಿಸಲು ಪಾಡುಪಡುತ್ತಾರೆ. ಇಬ್ಬರೂ ಚೆನ್ನಾಗಿಯೇ ನಟಿಸಿದ್ದಾರೆ, ಆ ಬಗ್ಗೆ ತಕರಾರಿಲ್ಲ.

ಕಾಗ್ಸ್‌ವೆಲ್‌ನ ಪ್ರಣಾಳಿಕೆಯಲ್ಲಿ ಇದ್ದದ್ದು ಬಹುಮಟ್ಟಿಗೆ ಒಂದೇ ಮಾತು, ಮೊನೊರೈಲು. ರಸ್ತೆಯ ಮೇಲೆ ಎತ್ತರದ ಕಂಬಗಳನ್ನು ನಿಲ್ಲಿಸಿ, ಒಂಟಿ ಹಳಿಯ ಮೇಲೆ ಓಡಿಸುವ ರೈಲು. ಸಿಯಾಟಲಿನಲ್ಲಿ 1962ರ ವಿಶ್ವಮೇಳಕ್ಕೆಂದು ಕಟ್ಟಿದ ಇಂತಹ ಒಂದು ಸಣ್ಣ ಮಾರ್ಗವಿದೆ, ಉದ್ದ ಒಂದೂವರೆ ಕಿಲೋಮೀಟರಿನ ಆಸುಪಾಸು. ಅದನ್ನು ಇಡೀ ನಗರಕ್ಕೆ ಹಬ್ಬಿಸಬೇಕೆಂಬ ಪ್ರಸ್ತಾಪವನ್ನು 1997ರಲ್ಲಿ ಡಿಕ್ ಫಾಲ್ಕನ್‌ಬರಿ ಎಂಬ ಟ್ಯಾಕ್ಸಿ ಚಾಲಕ ಕಾಗ್ಸ್‌ವೆಲ್‌ನ ಜೊತೆಗೂಡಿ ಸಹಿ ಸಂಗ್ರಹಿಸಿ ಜನಮತಕ್ಕೆ ಒಯ್ದಿದ್ದರು. ಜನ ಹೌದೆಂದರು. ಆಡಳಿತ ನಡೆಸುವವರಿಗೆ ಅದು ಬೇಕಿರಲಿಲ್ಲ, ಅವರು ನೆಲದ ಮೇಲಿನ ಲಘು ರೈಲಿನ ಪರ ಇದ್ದರು. ಹಾಗಾಗಿ ಜನರ ತೀರ್ಪನ್ನು ಕಡೆಗಣಿಸಿದವರ ವಿರುದ್ಧ ಎಂದು ಕಾಗ್ಸ್‌ವೆಲ್ ಕಣಕ್ಕಿಳಿದ. ಚಿತ್ರದ ಹೆಸರು ಇಲ್ಲಿಂದಲೇ ಬಂದದ್ದು. ಇಂಗ್ಲಿಷಿನಲ್ಲಿ ಹುಲ್ಲಿನ ಬೇರು ಎನ್ನುವುದನ್ನು ನಾವು ತಳಮಟ್ಟ ಎನ್ನುತ್ತೇವೆ.

ಇಷ್ಟರವರೆಗೆ ನಮಗೂ ಆತನ ಮೇಲೆ ಪ್ರೀತಿಯೇ. ಆದರೆ ಆತ ಯಾರ ವಿರುದ್ಧ ನಿಂತ ಎಂದು ನೋಡಿದಾಗ ಕಸಿವಿಸಿ ಆರಂಭವಾಗುತ್ತದೆ. ಎದುರಾಳಿಯ ಹೆಸರು ರಿಚರ್ಡ್ ಮೆಕೈವರ್. ಆಗ ಒಂಬತ್ತು ಸದಸ್ಯರ ಕೌನ್ಸಿಲಿನಲ್ಲಿದ್ದ ಏಕೈಕ ಕಪ್ಪು ಜನಾಂಗದ ಸದಸ್ಯ. 1997ರಲ್ಲಿ ತೆರವಾದ ಸ್ಥಾನವೊಂದಕ್ಕೆ ನೇಮಕಗೊಂಡು ಬಂದು, ಅನಂತರ ಚುನಾವಣೆಯಲ್ಲಿ ಗೆದ್ದವರು. ಕುರ್ಚಿಯಲ್ಲಿ ಕುಳಿತವರು ಅವರು, ನಿಜ. ಹೆಸರುವಾಸಿಗಳ, ಪ್ರಭಾವಿಗಳ ಬೆಂಬಲ ಅವರ ಬೆನ್ನಿಗಿತ್ತು, ಅದೂ ನಿಜ. ಆದರೆ ಬಿಳಿಯರೇ ಹೆಚ್ಚಾಗಿರುವ ನಗರದಲ್ಲಿ ಒಂಬತ್ತರಲ್ಲಿ ಒಂದಾಗಿ ಉಳಿದಿದ್ದ ಆ ಕುರ್ಚಿಯನ್ನೇ ಆರಿಸಿಕೊಂಡು, ಅದನ್ನು ಅಧಿಕಾರಸ್ಥರ ಕೋಟೆ ಎಂದು ಕರೆದು, ನಾಲ್ಕು ಜನ ಬಿಳಿಯ ಹುಡುಗರು ಲಗ್ಗೆ ಹಾಕುವುದನ್ನು ನಾವು ಯಾವ ಕಣ್ಣಿನಿಂದ ನೋಡಬೇಕು?

ಚಿತ್ರ ಈ ಪ್ರಶ್ನೆಯನ್ನು ಪೂರ್ತಿ ತಪ್ಪಿಸಿಕೊಂಡಿಲ್ಲ ಎಂಬುದನ್ನು ಹೇಳಲೇಬೇಕು. ಮೆಕೈವರ್ ಪಾತ್ರವನ್ನು ಸೆಡ್ರಿಕ್ ದಿ ಎಂಟರ್‌ಟೇನರ್‌ಗೆ ಕೊಟ್ಟದ್ದು ಒಳ್ಳೆಯ ಆಯ್ಕೆ. ನಗಿಸುವುದಕ್ಕೇ ಹೆಸರಾದ ಈ ನಟ ಇಲ್ಲಿ ನಗಿಸಲು ಹೋಗದೆ, ಮಾತಿನಲ್ಲಿ ಸಂಯಮವುಳ್ಳ ಹಿರಿಯನೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಆತ ಖಳನಲ್ಲ ಎಂಬುದು ಪ್ರೇಕ್ಷಕನಿಗೆ ಮನವರಿಕೆಯಾಗುತ್ತದೆ. ಆದರೆ ಅಲ್ಲಿಗೆ ಮುಗಿಯಿತು. ಕತೆ ಹೇಳುವ ಬಾಯಿ ಕ್ಯಾಂಪ್‌ಬೆಲ್‌ನದು, ಆದ್ದರಿಂದ ಕ್ಯಾಮರಾ ಮತ್ತೆ ಗೆಳೆಯರ ಗುಂಪಿಗೇ ಮರಳುತ್ತದೆ. ಎದುರಾಳಿ ಒಳ್ಳೆಯವನು ಎಂಬ ಅರಿವು ಕೂಡ ನಾಯಕರಿಬ್ಬರು ದೊಡ್ಡವರಾಗಲು ಒದಗಿಬರುವ ಪಾಠವಾಗುತ್ತದೆಯೇ ಹೊರತು ಎದುರಾಳಿಯ ಬದುಕಿನ ಸಂಗತಿಯಾಗುವುದಿಲ್ಲ. ಮತಗಟ್ಟೆಯಲ್ಲಿ ದುರ್ಬಲನಾಗಿರುವುದು ಬೇರೆ, ಸಮಾಜದಲ್ಲಿ ದುರ್ಬಲನಾಗಿರುವುದು ಬೇರೆ. ಮೊದಲನೆಯದಕ್ಕೆ ಕನಿಕರಪಡುವ ಭರದಲ್ಲಿ ಎರಡನೆಯದನ್ನು ಮರೆಯುವುದು ಅಲ್ಪಸಂಖ್ಯಾತರಾದ ನಮಗೆ ಅಷ್ಟು ಸುಲಭವಲ್ಲ.

ಆ ಚುನಾವಣೆಯ ದಿನಾಂಕಗಳನ್ನೂ ಗಮನಿಸಬೇಕು. ಮೊದಲ ಸುತ್ತು ನಡೆದದ್ದು 2001ರ ಸೆಪ್ಟೆಂಬರ್ 18ರಂದು, ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದ ಸರಿಯಾಗಿ ಒಂದು ವಾರಕ್ಕೆ. ಅದಕ್ಕೆ ಐದು ದಿನ ಮೊದಲು ಸಿಯಾಟಲಿನ ಉತ್ತರ ಭಾಗದ ಇದ್ರೀಸ್ ಮಸೀದಿಯ ಬಳಿ ಒಬ್ಬಾತ ಪೆಟ್ರೋಲು, ಪಿಸ್ತೂಲುಗಳೊಡನೆ ಬಂದು ನಿಂತಿದ್ದ ಕಾರುಗಳಿಗೆ ಬೆಂಕಿ ಹಚ್ಚಲು ಹೊರಟ, ತಡೆದ ನಮಾಝಿಗಳ ಮೇಲೆ ಪಿಸ್ತೂಲು ಎತ್ತಿದ. ಅನಂತರದ ದಿನಗಳಲ್ಲಿ ಅಕ್ಕಪಕ್ಕದ ಮನೆಗಳ ಕ್ರೈಸ್ತರು, ಯಹೂದಿಗಳು, ಯಾವ ಧರ್ಮವನ್ನೂ ನಂಬದವರು ಸರದಿಯಂತೆ ಮಸೀದಿಯ ಹೊರಗೆ ಕಾವಲು ನಿಂತರು. ಯಾವ ಅಭ್ಯರ್ಥಿಯೂ ಅವರನ್ನು ಕರೆತಂದಿರಲಿಲ್ಲ. ಚಿತ್ರದ ಹೆಸರನ್ನು ಓದಿದಾಗಲೆಲ್ಲ ನಮ್ಮ ಕಣ್ಣೆದುರು ಬರುವುದು ಹಿಮಕರಡಿಯ ವೇಷವಲ್ಲ, ಆ ಕಾವಲುಗಾರರು.

ನವೆಂಬರಿನಲ್ಲಿ ಕಾಗ್ಸ್‌ವೆಲ್ ಸೋತ. ನಮ್ಮ ಮಾತಿನಲ್ಲಿ ಹೇಳುವುದಾದರೆ ಠೇವಣಿ ಕಳೆದುಕೊಳ್ಳುವ ಸೋಲಲ್ಲ, ಶೇ. 40ಕ್ಕೂ ಹೆಚ್ಚು ಮತ ಬಂದಿತ್ತು. ಆತನ ಕನಸಿನ ಗತಿ ಏನಾಯಿತೆಂಬುದು ಇನ್ನೂ ಸ್ವಾರಸ್ಯದ ಸಂಗತಿ. 2002ರಲ್ಲಿ ಮೊನೊರೈಲಿಗಾಗಿ ವಾಹನಗಳ ಮೇಲೆ ತೆರಿಗೆ ಹಾಕುವ ಪ್ರಸ್ತಾಪಕ್ಕೆ ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಒಪ್ಪಿಗೆ ಸಿಕ್ಕಿತು. ತೆರಿಗೆ ವಸೂಲಾಯಿತು, ಜಾಗ ಖರೀದಿಯಾಯಿತು. 2005ರಲ್ಲಿ ಲೆಕ್ಕ ಹೊರಬಿದ್ದಾಗ ಸಾಲ, ಬಡ್ಡಿ ಎಲ್ಲ ಸೇರಿ ಹಲವು ದಶಕಗಳಲ್ಲಿ 1,100 ಕೋಟಿ ಡಾಲರ್ ತೀರಿಸಬೇಕೆಂದು ತಿಳಿದು ಊರೇ ಬೆಚ್ಚಿತು. ಆ ನವೆಂಬರಿನಲ್ಲಿ ಅದೇ ಮತದಾರರು ಯೋಜನೆಯನ್ನು ಹೂತುಹಾಕಿದರು. ಅಷ್ಟರಲ್ಲಿ ಸುಮಾರು 12 ಕೋಟಿ ಡಾಲರ್ ಖರ್ಚಾಗಿತ್ತು, ಒಂದು ಕಂಬವೂ ಎದ್ದಿರಲಿಲ್ಲ. ಏಳು ವರ್ಷ ಕಳೆದು ಬಂದ ಚಿತ್ರಕ್ಕೆ ಇದೆಲ್ಲ ಗೊತ್ತಿರಲೇಬೇಕು. ಆದರೂ ಅದರ ಒಲವು ಕನಸು ಕಂಡವನ ಕಡೆಗೇ. ಕನಸು ಸರಿಯಿತ್ತೇ ಎಂದು ಅದು ಗಟ್ಟಿಯಾಗಿ ಕೇಳುವುದಿಲ್ಲ. ಕಾಗ್ಸ್‌ವೆಲ್ ಊರು ಬಿಟ್ಟು ಮೆಕ್ಸಿಕೋ ನಗರಕ್ಕೆ ಹೋಗಿ ಇಂಗ್ಲಿಷ್ ಪುಸ್ತಕಗಳ ಅಂಗಡಿ ತೆರೆದ.

ಈ ವಿಷಯದಲ್ಲಿ ಪುಸ್ತಕ ಚಿತ್ರಕ್ಕಿಂತ ಪ್ರಾಮಾಣಿಕವಾಗಿದೆ. ಅದರ ಶೀರ್ಷಿಕೆಯಲ್ಲಿ ಇರುವ ಹೆಸರು ಕಾಗ್ಸ್‌ವೆಲ್‌ನದಲ್ಲ, ಝಿಯೋನ್‌ಚೆಕ್‌ನದು. ಮೇರಿಯನ್ ಝಿಯೋನ್‌ಚೆಕ್ ಸಿಯಾಟಲಿನಿಂದ 1932ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದ ಎಡಪಂಥೀಯ, ಪೋಲೆಂಡಿನಿಂದ ಬಂದ ವಲಸಿಗರ ಮಗ. ಬಡವರ ಪರ ಅಬ್ಬರಿಸಿದವನು, ಬರಬರುತ್ತಾ ಮನಸ್ಸಿನ ಹಿಡಿತ ತಪ್ಪಿ 1936ರ ಆಗಸ್ಟಿನಲ್ಲಿ ಕಚೇರಿಯ ಕಿಟಕಿಯಿಂದ ಬಿದ್ದು ಸತ್ತ. ಆದರ್ಶಕ್ಕೂ ಹುಚ್ಚಿಗೂ ನಡುವಿನ ಗೆರೆ ಎಷ್ಟು ತೆಳು ಎಂಬ ಭಯ ಕ್ಯಾಂಪ್‌ಬೆಲ್‌ನ ಬರಹದ ಒಳಗಿದೆ. ಚಿತ್ರ ಶೀರ್ಷಿಕೆಯಿಂದಲೇ ಆ ಹೆಸರನ್ನು ಕೈಬಿಟ್ಟು, ಹಾಸ್ಯದ ದಾರಿ ಹಿಡಿಯಿತು.

ಚಿತ್ರ ಬಂದ ಮರುವರ್ಷ, ಅಂದರೆ 2013ರಲ್ಲಿ, ಅದೇ ನಗರದಲ್ಲಿ ಸಿನಿಮಾದವರು ಊಹಿಸದಿದ್ದ ಚುನಾವಣೆ ನಡೆಯಿತು. ಸಿಯಾಟಲ್ ಕೌನ್ಸಿಲಿನ ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ. ಆದರೂ ಗೆಲ್ಲುವವರು ಬಹುತೇಕ ಡೆಮಾಕ್ರಟಿಕ್ ಪಕ್ಷದ ಬಳಗದವರೇ. ಅಂಥಲ್ಲಿ ಸೋಶಿಯಲಿಸ್ಟ್ ಆಲ್ಟರ್ನೇಟಿವ್ ಎಂಬ ಪುಟ್ಟ ಪಕ್ಷದ ಕ್ಷಮಾ ಸಾವಂತ್ ನಿಂತರು. ಪುಣೆಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿ ಅದನ್ನೇ ಕಲಿಸುತ್ತಿದ್ದ ಮಹಿಳೆ. ಎದುರಾಳಿ ರಿಚರ್ಡ್ ಕಾನ್ಲಿನ್ ಹದಿನಾರು ವರ್ಷಗಳಿಂದ ಸದಸ್ಯ. 2011ರಲ್ಲಿ ಕಾರ್ಮಿಕರಿಗೆ ಕಾಯಿಲೆಯ ದಿನಗಳಲ್ಲಿ ಸಂಬಳ ಸಹಿತ ರಜೆ ಕೊಡುವ ಮಸೂದೆ ಬಂದಾಗ ವಿರುದ್ಧ ಮತ ಹಾಕಿದ ಒಬ್ಬರೇ ಒಬ್ಬರು ಅವರು.

ಸಾವಂತರದೂ ಒಂದೇ ಮಾತಿನ ಪ್ರಣಾಳಿಕೆ ಎನ್ನಬಹುದು, ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ. ಆಗ ಆ ರಾಜ್ಯದಲ್ಲಿ ಕನಿಷ್ಠ ಕೂಲಿ ಹತ್ತು ಡಾಲರಿಗೂ ಕಡಿಮೆ ಇತ್ತು. ಆದರೆ ಕಾಗ್ಸ್‌ವೆಲ್‌ಗಿಂತ ಇಲ್ಲೊಂದು ವ್ಯತ್ಯಾಸವಿದೆ. ಈ ಬೇಡಿಕೆ ಅಭ್ಯರ್ಥಿಯ ತಲೆಯಲ್ಲಿ ಹುಟ್ಟಿದ್ದಲ್ಲ. ಬರ್ಗರ್ ಅಂಗಡಿಗಳ ನೌಕರರು ಆ ವರ್ಷದ ಮೇ ತಿಂಗಳಲ್ಲೇ ಮುಷ್ಕರ ಹೂಡಿ ಅದನ್ನು ಬೀದಿಯಲ್ಲಿ ಕೂಗಿದ್ದರು. ಪಕ್ಕದ ಸೀಟ್ಯಾಕ್ ಎಂಬ ವಿಮಾನ ನಿಲ್ದಾಣದ ಊರಿನಲ್ಲಿ ಅದೇ ಬೇಡಿಕೆ ಜನಮತಕ್ಕೆ ಬಂದು 77 ಮತಗಳಿಂದ ಗೆದ್ದಿತು. ಅಲ್ಲಿ ಸಾಮಾನು ಹೊರುವ, ಗುಡಿಸುವ, ಕಾರು ತೊಳೆಯುವ ಕೆಲಸದವರಲ್ಲಿ ಸೊಮಾಲಿಯಾದಿಂದ ಬಂದ ಮುಸ್ಲಿಮರು ಅನೇಕರು.

ವಾಷಿಂಗ್ಟನ್ ರಾಜ್ಯದಲ್ಲಿ ಮತದಾನ ಅಂಚೆಯ ಮೂಲಕ, ಆದ್ದರಿಂದ ಎಣಿಕೆ ದಿನಗಟ್ಟಲೆ ನಡೆಯುತ್ತದೆ. ಮೊದಲ ರಾತ್ರಿ ಕಾನ್ಲಿನ್ ಸಾವಿರಾರು ಮತಗಳಿಂದ ಮುಂದಿದ್ದರು. ತಡವಾಗಿ ಬಂದ ಲಕೋಟೆಗಳು ತೆರೆದಂತೆ ಅಂತರ ಕರಗಿತು, ಒಂದು ವಾರದಲ್ಲಿ ಸಾವಂತ್ ಮುಂದೆ ಬಂದರು. ಕೊನೆಯ ಲೆಕ್ಕದಲ್ಲಿ ಅಂತರ ಮೂರು ಸಾವಿರದ ಚಿಲ್ಲರೆ. 2014ರ ಜೂನ್ 2ರಂದು ಕೌನ್ಸಿಲ್ 15 ಡಾಲರ್ ಕೂಲಿಯ ಕಾನೂನನ್ನು ಸರ್ವಾನುಮತದಿಂದ ಅಂಗೀಕರಿಸಿತು. ಸಣ್ಣ ಮಾಲೀಕರಿಗೆ ವರ್ಷಗಳ ಕಾಲಾವಕಾಶ ಕೊಟ್ಟದ್ದನ್ನು ಸಾವಂತ್ ಕಟುವಾಗಿ ಟೀಕಿಸಿದರು, ಮತ ಮಾತ್ರ ಪರವಾಗಿಯೇ ಹಾಕಿದರು. ತಮ್ಮ ಸಂಬಳದಲ್ಲಿ ವರ್ಷಕ್ಕೆ 40 ಸಾವಿರ ಡಾಲರ್ ಮಾತ್ರ ಇಟ್ಟುಕೊಂಡು, ತೆರಿಗೆ ಹೋಗಿ ಉಳಿದದ್ದನ್ನು ಹೋರಾಟಗಳಿಗೆ ಕೊಡುತ್ತಿದ್ದರು.

ಇನ್ನು ಹೊಗಳಿಕೆ ಸಾಕು. ಚಿತ್ರಕ್ಕೆ ಕೇಳಿದ ಪ್ರಶ್ನೆಯನ್ನು ಸಾವಂತರಿಗೂ ಕೇಳದಿದ್ದರೆ ನ್ಯಾಯವಾಗದು. 2015ರಲ್ಲಿ ಅವರ ಎದುರು ನಿಂತವರು ಪಮೇಲಾ ಬ್ಯಾಂಕ್ಸ್, ಕಪ್ಪು ಜನಾಂಗದ ಮಹಿಳೆ, ಆ ಸಮುದಾಯಕ್ಕಾಗಿ ದುಡಿಯುವ ಅರ್ಬನ್ ಲೀಗಿನ ಸ್ಥಳೀಯ ಮುಖ್ಯಸ್ಥೆ. ಈಗ ಕುರ್ಚಿಯಲ್ಲಿದ್ದದ್ದು ಸಾವಂತ್. ಹಾಗಾದರೆ ದುರ್ಬಲ ಯಾರು? ಬ್ಯಾಂಕ್ಸ್ ಪರ ನಗರದ ಗಣ್ಯರಿದ್ದರು, ಸಾವಂತ್ ಪರ ಬಾಡಿಗೆದಾರರು, ಕೂಲಿಯವರು ಇದ್ದರು. ಎರಡೂ ಕಡೆಗೆ ಹೇಳಲು ಮಾತಿತ್ತು. ಸಾವಂತ್ ಗೆದ್ದರು. 2019ರಲ್ಲಿ ಅಮೆಝಾನ್ ಕಂಪೆನಿ ವ್ಯಾಪಾರಿ ಸಂಘದ ಚುನಾವಣಾ ನಿಧಿಗೆ ಸುಮಾರು 15 ಲಕ್ಷ ಡಾಲರ್ ಸುರಿದಾಗ ಪ್ರಶ್ನೆ ಅಷ್ಟು ಜಟಿಲವಾಗಿರಲಿಲ್ಲ. ಆಗಲೂ ಅವರು ಮೊದಲ ರಾತ್ರಿ ಹಿಂದಿದ್ದು, ಕೊನೆಗೆ ಗೆದ್ದರು. ಅನಂತರ ಕಚೇರಿಯ ಸಂಪನ್ಮೂಲವನ್ನು ತೆರಿಗೆ ಪ್ರಸ್ತಾಪವೊಂದರ ಪ್ರಚಾರಕ್ಕೆ ಬಳಸಿದ್ದನ್ನು ಒಪ್ಪಿಕೊಂಡು ದಂಡ ಕಟ್ಟಬೇಕಾಯಿತು. 2021ರ ಡಿಸೆಂಬರಿನಲ್ಲಿ ಅವರನ್ನು ಹಿಂದಕ್ಕೆ ಕರೆಸಿಕೊಳ್ಳುವ ಮತದಾನದಲ್ಲಿ ಉಳಿದದ್ದು ಕೇವಲ 300ರಷ್ಟು ಮತಗಳ ಅಂತರದಿಂದ. 2023ರ ಕೊನೆಗೆ ಅವರಾಗಿಯೇ ಕೌನ್ಸಿಲ್ ಬಿಟ್ಟರು.

ನಮ್ಮ ಓದುಗರಿಗೆ ಅವರ ಹೆಸರು ಪರಿಚಯವಾದದ್ದು ಬೇರೆ ಕಾರಣಕ್ಕೆ. 2020ರ ಫೆಬ್ರವರಿಯಲ್ಲಿ ಭಾರತದ ಪೌರತ್ವ ತಿದ್ದುಪಡಿ ಕಾಯ್ದೆ ಮತ್ತು ಪೌರತ್ವ ನೋಂದಣಿಯನ್ನು ವಿರೋಧಿಸಿ ಸಿಯಾಟಲ್ ಕೌನ್ಸಿಲ್ ನಿರ್ಣಯ ಅಂಗೀಕರಿಸಿದ್ದು ಅವರ ಪ್ರಸ್ತಾಪದ ಮೇಲೆ. 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರ ಸಿಯಾಟಲ್ ಆದದ್ದೂ ಅವರ ಮಸೂದೆಯಿಂದಲೇ. ಬೆಂಗಳೂರಿನಲ್ಲಿದ್ದ ತಮ್ಮ ವೃದ್ಧ, ಅಸ್ವಸ್ಥ ತಾಯಿಯನ್ನು ನೋಡಲು ಅವರು ಕೇಳಿದ ವೀಸಾ ಸಿಗಲಿಲ್ಲ. ಪತಿಗೆ ಕೊಟ್ಟು ತನಗೆ ನಿರಾಕರಿಸಿದ್ದು ಈ ನಿರ್ಣಯಗಳ ಸೇಡು ಎಂದು ಆರೋಪಿಸಿ 2025ರ ಫೆಬ್ರವರಿಯಲ್ಲಿ ಸಿಯಾಟಲಿನ ಭಾರತೀಯ ದೂತಾವಾಸ ಕಚೇರಿಯಲ್ಲಿ ಧರಣಿ ಕುಳಿತರು. ಒಂದು ಊರಿನ ಕೌನ್ಸಿಲ್ ಸದಸ್ಯೆಯ ಕೈ ಎತ್ತಿದ ಮತ ತಾಯಿ ಮಗಳ ನಡುವೆ ಬಂದು ನಿಂತದ್ದು ಯಾವ ಹಾಸ್ಯ ಚಿತ್ರಕ್ಕೂ ಒಗ್ಗುವ ವಸ್ತುವಲ್ಲ.

ಮತ್ತೆ ಮೆಕೈವರ್ ವಿಷಯಕ್ಕೆ ಬರೋಣ. ಅವರು 2009ರ ಕೊನೆಯವರೆಗೆ ಕೌನ್ಸಿಲಿನಲ್ಲಿದ್ದರು. ಕಾಗ್ಸ್‌ವೆಲ್ ವಿರೋಧಿಸಿದ ಲಘು ರೈಲು ಓಡಲಾರಂಭಿಸಿದ್ದು ಅದೇ ವರ್ಷದ ಜುಲೈಯಲ್ಲಿ. ಅದು ಹಾದುಹೋಗುವುದು ಕಪ್ಪು ಜನರು, ಏಶ್ಯಾ ಮತ್ತು ಪೂರ್ವ ಆಫ್ರಿಕದ ವಲಸಿಗರು ವಾಸಿಸುವ ರೈನಿಯರ್ ಕಣಿವೆಯ ಮೂಲಕ, ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಸ್ತೆಯ ನಡುವೆ. ಹಳಿ ಹಾಕಿದ ವರ್ಷಗಳಲ್ಲಿ ಆ ರಸ್ತೆಯ ಸಣ್ಣ ಅಂಗಡಿಗಳು ಗಿರಾಕಿಗಳಿಲ್ಲದೆ ಒದ್ದಾಡಿದವು. ಅವರಿಗಾಗಿ 5 ಕೋಟಿ ಡಾಲರಿನ ನಿಧಿ ಇಟ್ಟರೂ ಎಲ್ಲರೂ ಉಳಿಯಲಿಲ್ಲ. ಮೊನೊರೈಲೇ ಬಂದಿದ್ದರೆ ಅದರ ಮೊದಲ ಮಾರ್ಗ ಈ ಕಣಿವೆಯ ಕಡೆಗೆ ಸುಳಿಯುತ್ತಲೂ ಇರಲಿಲ್ಲ. ಅದರ ನಕ್ಷೆ ಇದ್ದದ್ದು ಊರಿನ ಇನ್ನೊಂದು ಮಗ್ಗುಲಲ್ಲಿ, ಬ್ಯಾಲರ್ಡಿನಿಂದ ಪಶ್ಚಿಮ ಸಿಯಾಟಲಿಗೆ. ಮೆಕೈವರ್ 2013ರ ಮಾರ್ಚಿನಲ್ಲಿ ತೀರಿಕೊಂಡರು, ಚಿತ್ರ ಬಿಡುಗಡೆಯಾದ ಮರುವರ್ಷ. ಅವರ ಕಡೆಯ ಕತೆಯನ್ನು ಸಿನಿಮಾ ಮಾಡಲು ಇದುವರೆಗೆ ಯಾರೂ ಮುಂದೆ ಬಂದದ್ದನ್ನು ನಾವು ಕೇಳಿಲ್ಲ.