ವೈದ್ಯನ ಮಾತನ್ನು ನಂಬುವವರಾರು?

ನಾರ್ವೆಯ ಹೆನ್ರಿಕ್ ಇಬ್ಸೆನ್ 1882ರಲ್ಲಿ ಬರೆದ ‘ಜನತೆಯ ಶತ್ರು’ ನಾಟಕದ ಹೆಸರನ್ನು ತಾವು ಕೇಳಿರಬಹುದು. ಸತ್ಯ ನುಡಿದ ವೈದ್ಯನನ್ನು ಊರೇ ದೂರವಿಟ್ಟ ಕಥೆಯೆಂದು ಅದನ್ನು ಕೊಂಡಾಡುವುದು ವಾಡಿಕೆ. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಮತ್ತೊಮ್ಮೆ ಓದಿದಾಗ ವೈದ್ಯನ ಮೇಲೂ ನನಗೆ ತುಸು ಮುನಿಸು ಬಂತು.

ಡಾಕ್ಟರ್ ಸ್ಟಾಕ್‌ಮನ್ ಊರಿನ ಆರೋಗ್ಯಸ್ನಾನಗೃಹದ ವೈದ್ಯಾಧಿಕಾರಿ. ಅಲ್ಲಿಗೆ ಬರುವ ಪರಸ್ಥಳದವರಿಂದಲೇ ಊರಿನ ಸಂಪಾದನೆ. ಹಿಂದಿನ ವರ್ಷ ಬಂದವರಲ್ಲಿ ಕೆಲವರು ಕಾಯಿಲೆ ಬಿದ್ದುದರಿಂದ ಆತ ನೀರನ್ನು ಪರೀಕ್ಷೆಗಾಗಿ ವಿಶ್ವವಿದ್ಯಾಲಯಕ್ಕೆ ಕಳುಹಿಸುತ್ತಾನೆ. ಚರ್ಮ ಹದಮಾಡುವ ಕಾರ್ಖಾನೆಗಳ ಕೊಳೆಯಿಂದ ನೀರು ಕೆಟ್ಟಿರುವುದು ಖಚಿತವಾಗುತ್ತದೆ.

ಮೇಯರ್ ಆತನ ಒಡಹುಟ್ಟಿದ ಅಣ್ಣ. ಗಮನಿಸಿ, ಅಣ್ಣ ಮತ್ತೊಬ್ಬ ರಸಾಯನತಜ್ಞನನ್ನು ಕರೆಸುವುದಿಲ್ಲ. ತಮ್ಮನ ಸ್ವಭಾವವನ್ನೇ ವಿಚಾರಣೆಗೆ ಎಳೆಯುತ್ತಾನೆ: ಇವನು ದುಡುಕಿನವನು, ಅಧಿಕಾರಕ್ಕೆ ತಲೆಬಾಗದವನು. ಬಳಿಕ ಪತ್ರಿಕೆಯವರ ಮುಂದೆ ಲೆಕ್ಕ ಇಡುತ್ತಾನೆ: ದುರಸ್ತಿಯ ಖರ್ಚು ತೆರಿಗೆದಾರರ ತಲೆಯ ಮೇಲೆ, ಸ್ನಾನಗೃಹ ಎರಡು ವರ್ಷ ಬಂದ್. ವೈದ್ಯನ ಲೇಖನವನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದ ಸಂಪಾದಕ ಅಲ್ಲಿಯೇ ಪಕ್ಷ ಬದಲಿಸುತ್ತಾನೆ. ಪ್ರಯೋಗಾಲಯದಲ್ಲಿ ಸಿದ್ಧವಾದ ವರದಿಯ ಬೆಲೆ ಕಟ್ಟಿದ್ದು ಮುದ್ರಣಾಲಯದಲ್ಲಿ!

ನಾಲ್ಕನೆಯ ಅಂಕದ ಸಾರ್ವಜನಿಕ ಸಭೆಯೇ ನಾಟಕದ ಜೀವ. ಸ್ನಾನಗೃಹದ ಬಗ್ಗೆ ಮಾತನಾಡಲು ವೈದ್ಯನಿಗೆ ಅವಕಾಶವನ್ನೇ ಕೊಡುವುದಿಲ್ಲ. ಅದು ಅನ್ಯಾಯ, ಸಂದೇಹವಿಲ್ಲ. ಆದರೆ ಸಿಕ್ಕಿದ ಸಮಯದಲ್ಲಿ ಆತ ಮಾಡುವುದೇನು? ಬಹುಸಂಖ್ಯಾತರು ಮೂರ್ಖರೆನ್ನುತ್ತಾನೆ. ಜಾತಿನಾಯಿ, ಬೀದಿನಾಯಿಗಳ ಹೋಲಿಕೆಯನ್ನು ಎದುರಿಗೆ ಕುಳಿತವರಿಗೇ ಅನ್ವಯಿಸುತ್ತಾನೆ. ಎರಡು ವರ್ಷ ಗಳಿಕೆಯಿಲ್ಲದೆ ಸಂಸಾರ ಸಾಗುವುದೆಂತು ಎಂದು ಚಿಂತಿಸುವ ಗೃಹಸ್ಥನಿಗೆ ಆತನಲ್ಲಿ ಉತ್ತರವಿಲ್ಲ. ನೀರಿನ ವಿಷಯದಲ್ಲಿ ಗಳಿಸಿದ ಅಧಿಕಾರವನ್ನು ಮನುಷ್ಯರೆಲ್ಲರ ಮೇಲೂ ಚಲಾಯಿಸಲು ಹೊರಟಾಗ, ತಿರುಗಿಬೀಳಲು ಜನರಿಗೆ ನೆಪ ದೊರಕಿತು. ಇಬ್ಸೆನ್ನನಿಗೆ ಇದು ತಿಳಿದಿತ್ತು. ವೈದ್ಯನನ್ನು ದೇವದೂತನನ್ನಾಗಿ ಮಾಡಿದವರು ಪ್ರೇಕ್ಷಕರಾದ ನಾವು.

ಸತ್ಯಜಿತ್ ರಾಯ್ 1989ರಲ್ಲಿ ಇದೇ ಕಥೆಯನ್ನು ಬಂಗಾಳಕ್ಕೆ ತಂದು ‘ಗಣಶತ್ರು’ ಚಿತ್ರವನ್ನು ನಿರ್ಮಿಸಿದರು. ಅಲ್ಲಿ ಕಲುಷಿತವಾದದ್ದು ದೇಗುಲದ ಚರಣಾಮೃತ, ಹರಡಿದ್ದು ಕಾಮಾಲೆ. ಗಂಗಾಜಲವೂ ತುಳಸಿಯೂ ಸೇರಿದ ನೀರು ಕೆಡಲಾರದೆಂಬುದು ಎದುರಾಳಿಗಳ ವಾದ. ಸಭೆಯಲ್ಲಿ ನೀರಿನ ಪರೀಕ್ಷೆಗಿಂತ ವೈದ್ಯನ ಧರ್ಮಶ್ರದ್ಧೆಯೇ ಪ್ರಶ್ನೆಗೊಳಗಾಗುತ್ತದೆ. ಇದನ್ನು ಕಂಡು ನಗುವ ಮುನ್ನ ನಾವು 2020ನೆಯ ವರ್ಷವನ್ನು ನೆನೆಯಬೇಕು. ಕೋವಿಡ್ ಕಾಲದಲ್ಲಿ ದೇವಾಲಯದ ಬಾಗಿಲಲ್ಲಿದ್ದ ಪವಿತ್ರಜಲದ ಬಟ್ಟಲು ಬರಿದಾದಾಗ ಗೊಣಗಿದವರು ನಮ್ಮಲ್ಲೂ ಇದ್ದರು. ಅವರಲ್ಲಿ ನಾನೂ ಒಬ್ಬ.

ರಾಯ್ ಅವರ ವೈದ್ಯ ಹೆಚ್ಚು ಸೌಮ್ಯ; ಜನರನ್ನು ಹಳಿಯುವವನಲ್ಲ. ಇಬ್ಸೆನ್ನನ ವೈದ್ಯ ಕೊನೆಗೆ ಒಂಟಿತನವನ್ನೇ ಬಲವೆಂದು ಸಾರಿದರೆ, ಇಲ್ಲಿ ಮನೆಯ ಹೊರಗೆ ಯುವಕರ ಜಯಘೋಷ ಕೇಳಿಬರುತ್ತದೆ. ಈ ಮುಕ್ತಾಯ ನನಗೆ ಅವಸರದ್ದೆನಿಸಿತು. ಕಾಮಾಲೆ ಕಂಡ ಮನೆಗಳಲ್ಲಿ ಆ ಯುವಕರು ಏನು ಹೇಳಿದರು, ಅಲ್ಲಿಯ ತಾಯಂದಿರು ತಿರುಗಿ ಏನು ಕೇಳಿದರು ಎಂಬ ದೃಶ್ಯ ನಮಗೆ ಕಾಣಸಿಗುವುದೇ ಇಲ್ಲ.