ಮರಣಪ್ರಕಾರನಿರ್ದೇಶದಲ್ಲಿ ಶಬ್ದಸಾಂಕರ್ಯ

ಕಿತ್ತೂರಿನ ಚೆನ್ನಮ್ಮರಾಣಿಯು 1829ನೆಯ ಇಸವಿಯ ಫೆಬ್ರವರಿಯಲ್ಲಿ, ಬೈಲಹೊಂಗಲದ ಕೋಟೆಯೊಳಗೆ, ಕಂಪನಿ ಸರಕಾರದ ಸೆರೆಯಲ್ಲಿರುವಾಗಲೇ ತೀರಿಕೊಂಡಳು. ಇದನ್ನು ವೀರಮರಣವೆನ್ನುವವರುಂಟು, ಸ್ವಾಭಾವಿಕ ಮರಣವೆನ್ನುವವರೂ ಉಂಟು. ಉಭಯಪಕ್ಷದವರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರುವೆವೆಂದು ಭಾವಿಸಿರುವುದೇ ಈ ವಿವಾದದ ಮೂಲವು. ಪ್ರಾಣವು ಯಾವುದರಿಂದ ಹೋಯಿತೆಂಬುದು ಒಂದು ಪ್ರಶ್ನೆ. ಅದು ತಾನಾಗಿ ಒದಗಿತೋ, ಸ್ವಹಸ್ತದಿಂದಲೋ, ಪರಹಸ್ತದಿಂದಲೋ ಎಂಬುದು ಇನ್ನೊಂದು. ಮೃತರು ಆಗ ಯಾರ ಅಧೀನದಲ್ಲಿದ್ದರೆಂಬುದು ಮೂರನೆಯದು.

ಈ ವಿವೇಕವು ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಆಶುಮೃತಕಪರೀಕ್ಷೆಯೆಂಬ ಪ್ರಕರಣವಿದೆ. ಹಠಾತ್ತಾಗಿ ಸತ್ತವನ ಶವಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕೆಂದು ಅಲ್ಲಿ ವಿಧಿಸಿ, ಉಸಿರುಕಟ್ಟಿಸಿದುದು, ನೇಣು, ನೀರು, ವಿಷ, ಸರ್ಪದಂಶ ಇವುಗಳ ದೇಹಚಿಹ್ನೆಗಳನ್ನು ಬೇರೆ ಬೇರೆಯಾಗಿ ಹೇಳಿದೆ. ಆದರೆ ಆಚಾರ್ಯನು ಚಿಹ್ನೆಗಳಲ್ಲಿಯೇ ನಿಲ್ಲಲಿಲ್ಲ. ಕೊಂದವರು ದಂಡಭಯದಿಂದ ಹೆಣವನ್ನು ನೇಣಿಗೆ ಕಟ್ಟಿರಬಹುದೆಂದು ಎಚ್ಚರಿಸುತ್ತಾನೆ. ತಾನೇ ನೇಣು ಹಾಕಿಕೊಂಡವನ ವಿಷಯದಲ್ಲಿಯೂ ಅವನಿಗೆ ಯಾರಿಂದ ಏನು ಅನ್ಯಾಯವಾಗಿತ್ತೆಂದು ಹುಡುಕಬೇಕೆನ್ನುತ್ತಾನೆ. ಕಾರಣಕ್ಕೂ ಪ್ರಕಾರಕ್ಕೂ ಇರುವ ಭೇದವನ್ನು ಇದಕ್ಕಿಂತ ಸ್ಫುಟವಾಗಿ ತೋರಿಸುವುದು ಕಷ್ಟ.

ಈಗಿನ ಕಾನೂನಿನಲ್ಲಿಯೂ ವಿಭಾಗವು ಅಷ್ಟೇನೂ ಒರಟಾಗಿಲ್ಲ. 1973ರ ದಂಡಪ್ರಕ್ರಿಯಾ ಸಂಹಿತೆಯ 174ನೆಯ ಕಲಮು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮು, ಇವೆರಡೂ ಆತ್ಮಹತ್ಯೆ, ಅನ್ಯರಿಂದಲೋ ಪ್ರಾಣಿಯಿಂದಲೋ ಯಂತ್ರದಿಂದಲೋ ಅಪಘಾತದಿಂದಲೋ ಆದ ಸಾವು, ಸಂಶಯಾಸ್ಪದ ಸಾವು ಎಂದು ವಿಂಗಡಿಸುತ್ತವೆ. ದೋಷವು ರೂಢಿಯ ಕನ್ನಡದ್ದು. ಇವುಗಳಿಗೆಲ್ಲ ‘ಅಸಹಜ ಸಾವು’ ಎಂದು ಒಂದೇ ಹೆಸರನ್ನಿಟ್ಟರೆ, ನಞ್‌ಸಮಾಸವು ಏನಲ್ಲವೆಂಬುದನ್ನು ಹೇಳೀತೇ ಹೊರತು ಏನೆಂಬುದನ್ನು ಹೇಳಲಾರದು. ಮಲಪ್ರಭೆಯ ದಂಡೆಯ ಮನೋಳಿಯ ರೈತನೊಬ್ಬನು ಜೋಳದ ಹೊಲದಲ್ಲಿ ಹಾವು ಕಚ್ಚಿ ಸತ್ತರೆ ಅದೂ ಅಸಹಜವೇ. ಕಚ್ಚುವುದು ಹಾವಿಗೆ ಸಹಜವೆಂದು ಯಾವ ಪಂಚನೂ ಪಂಚನಾಮೆಯಲ್ಲಿ ಬರೆಯಿಸುವುದಿಲ್ಲ!

ಕಿತ್ತೂರಿನ ಚರಿತ್ರೆಯನ್ನು ಬರೆಯುವವರಿಗೆ ಈ ಸಾಂಕರ್ಯವು ಹೆಚ್ಚು ಬಾಧಕವು. 1824ರ ಅಕ್ಟೋಬರ 23ರಂದು ಕಲೆಕ್ಟರ ಥ್ಯಾಕರೆ ಸತ್ತುದು ಯುದ್ಧಮರಣವೋ ಕೊಲೆಯೋ ಎಂಬುದು ಗಾಯವನ್ನು ನೋಡಿ ನಿರ್ಣಯವಾಗುವುದಲ್ಲ. ಕಿತ್ತೂರನ್ನು ರಾಜ್ಯವೆಂದು ಎಣಿಸಿದರೆ ಒಂದು ಶಬ್ದ, ಕಂಪನಿಯ ಅಂಕಿತ ಸಂಸ್ಥಾನವೆಂದರೆ ಇನ್ನೊಂದು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಮರಣವು ದೇಹಚಿಹ್ನೆಯಿಂದ ಉದ್ಬಂಧನವು, ಸರಕಾರದ ದಫ್ತರದಲ್ಲಿ ದಂಡನೆಯು, ಜನರ ಬಾಯಲ್ಲಿ ಬಲಿದಾನವು. ಮೂರೂ ನಿಜ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬರೆದರೆ ಮಾತ್ರ ಸುಳ್ಳು.

ಇನ್ನು ರಾಣಿಯ ವಿಷಯ. ರಣಾಂಗಣದಲ್ಲಿ ಬಿದ್ದವರಿಗೆ ಸಲ್ಲುವ ‘ವೀರಮರಣ’ ಶಬ್ದವು ಇಲ್ಲಿ ವಾಚ್ಯಾರ್ಥದಿಂದ ಹೊಂದದು. ‘ಸ್ವಾಭಾವಿಕ’ವೆಂದರೆ ನಾಲ್ಕು ವರ್ಷಗಳ ಸೆರೆಯು ಮರೆಯಾಗುತ್ತದೆ. ಬಂಧನದಲ್ಲಿ ಸತ್ತವರ ವಿಷಯದಲ್ಲಿ, ಕಾರಣವು ಯಾವುದೇ ಇರಲಿ, ಮ್ಯಾಜಿಸ್ಟ್ರೇಟರ ವಿಚಾರಣೆಯು ಬೇಕೆಂದು ಇಂದಿನ ಕಾನೂನೇ ಹೇಳುತ್ತಿರುವಾಗ, ಪಠ್ಯಪುಸ್ತಕಗಳಲ್ಲಿ ‘ಬಂಧನಮರಣ’ವೆಂದು ಬರೆಯುವುದಕ್ಕೆ ಅಡ್ಡಿಯೇನೂ ಕಾಣದು.