ಕೊನೆಯ ಕಾಲು ಸುತ್ತು: ರಸಿಕರಿಗೊಂದು ಕೈಪಿಡಿ

ಹೋದ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನನ್ನ ಸ್ಪ್ಲೆಂಡರಿನ ಎಂಜಿನ್ ಆಯಿಲ್ ಬದಲಿಸುತ್ತಿದ್ದೆ. ಪಕ್ಕದ ಮನೆಯ ಹುಡುಗ ಮೊಬೈಲ್ ಹಿಡಿದು ಎದುರಿಗೆ ಬಂದು ಕೂತ. ಹಳೆಯ ಆಯಿಲ್ ಕಪ್ಪಗೆ ಧಾರೆಯಾಗಿ ತಟ್ಟೆಗೆ ಬೀಳುವುದನ್ನು ವಿಡಿಯೊ ಮಾಡಿಕೊಂಡ. ಹೊಸದು ಜೇನಿನ ಬಣ್ಣದಲ್ಲಿ ಒಳಗಿಳಿಯುವುದನ್ನೂ ಮಾಡಿಕೊಂಡ. ಇವೆರಡರ ನಡುವೆ, ನಾನು ಡ್ರೈನ್ ಬೋಲ್ಟ್ ಕೂರಿಸಿ ಬಿಗಿ ಮಾಡುವ ಹೊತ್ತಿನಲ್ಲಿ, ತಲೆ ತಗ್ಗಿಸಿಕೊಂಡು ಮೆಸೇಜ್ ನೋಡುತ್ತಿದ್ದ. ಕೊನೆಗೆ ಎದ್ದು, "ಇಷ್ಟೇನಾ ಅಂಕಲ್?" ಅಂದ. ಸಂಗೀತ ಕಚೇರಿಯಲ್ಲಿ ತನಿ ಆವರ್ತನ ಶುರುವಾದ ಕೂಡಲೇ ಕುರ್ಚಿ ಸರಿಸಿಕೊಂಡು ಕಾಫಿಗೆ ಹೊರಡುವವರನ್ನು ಕಂಡರೆ ಹೇಗಾಗುತ್ತದೋ ನನಗೂ ಹಾಗೇ ಆಯಿತು. ಅವನಿಗೆ ಆಗ ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಯಾವ ಗ್ರೇಡಿನ ಆಯಿಲ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೊಮ್ಮೆ ಎಂಬುದೆಲ್ಲ ಗಾಡಿಯ ಪುಸ್ತಕದಲ್ಲಿದೆ, ಓದಿಕೊಳ್ಳಿ. ಜನ ಅದನ್ನೇ ಹಿಡಿದುಕೊಂಡು ಸಿಂಥೆಟಿಕ್ಕೋ ಸೆಮಿ ಸಿಂಥೆಟಿಕ್ಕೋ ಎಂದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆ ದುಬಾರಿ ಆಯಿಲನ್ನೆಲ್ಲ ಒಳಗೆ ಹಿಡಿದಿಟ್ಟಿರುವುದು ಹೆಬ್ಬೆರಳಿನ ದಪ್ಪದ ಒಂದು ಬೋಲ್ಟು, ಅದರ ಕೆಳಗೆ ಐದೋ ಹತ್ತೋ ರೂಪಾಯಿಯ ಒಂದು ವಾಷರು. ಇವುಗಳ ಬಗ್ಗೆ ಅವರ ಬಾಯಲ್ಲಿ ಒಂದು ಮಾತೂ ಬರುವುದಿಲ್ಲ. ಈ ಕೆಲಸದಲ್ಲಿ ರಸ ಇರುವುದೇ ಅಲ್ಲಿ, ಅದರಲ್ಲೂ ಕೊನೆಯ ಕಾಲು ಸುತ್ತಿನಲ್ಲಿ.

ನನಗೂ ಇದು ಹುಟ್ಟಿನಿಂದ ಬಂದ ತಿಳಿವಳಿಕೆಯಲ್ಲ. 1997ರಲ್ಲಿ ಮೈಸೂರಿನಲ್ಲಿ ಓದುತ್ತಿದ್ದೆ. ಯೆಜ್ಡಿ ಬೈಕು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಹಿಂದಿನ ವರ್ಷವಷ್ಟೇ ಮುಚ್ಚಿತ್ತು. ಅಲ್ಲಿ ದುಡಿದಿದ್ದ ಹಿರಿಯ ಫಿಟರ್ ಒಬ್ಬರು ಮನೆಯ ಮುಂದೆಯೇ ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದರು. ನನ್ನ ಯೆಜ್ಡಿಯ ಗೇರ್‌ಬಾಕ್ಸ್ ಆಯಿಲ್ ಬದಲಿಸಲು ಅಲ್ಲಿಗೆ ಹೋದೆ. "ನಾನೇ ಬಿಗಿ ಮಾಡ್ತೀನಿ ಸಾರ್" ಎಂದು ಸ್ಪ್ಯಾನರ್ ಎತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. "ಮೊದ್ಲು ಬೆರಳಲ್ಲಿ ಹಾಕು. ಪೂರ್ತಿ ಬೆರಳಲ್ಲೇ ಹೋಗ್ಬೇಕು" ಅಂದರು. ಹಾಕಿದೆ. ಆಮೇಲೆ ಸ್ಪ್ಯಾನರ್ ಕೊಟ್ಟು, "ಈಗ ಕಣ್ಣು ಮುಚ್ಕೊಂಡು ಮೆಲ್ಲಗೆ ಎಳಿ. ಕೈಗೆ ಏನ್ ಗೊತ್ತಾಗ್ತದೆ, ಬಾಯಲ್ಲಿ ಹೇಳ್ತಾ ಹೋಗು" ಅಂದರು.

ಕಣ್ಣು ಮುಚ್ಚಿ ಹೇಳುತ್ತ ಹೋದೆ. "ತಗುಲ್ತು ಸಾರ್. ಈಗ ಸ್ವಲ್ಪ ಬಿಗಿ. ಇನ್ನೂ ಮೆತ್ತಗೇ ಇದೆ, ಏನೋ ಅದುಮಿದ ಹಾಗೆ. ಈಗ ಗಟ್ಟಿಯಾಯ್ತು." ಅವರು ತಟ್ಟನೆ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಪಾಕ ಬಂತು ಕಣಪ್ಪ, ಇಳಿಸು" ಅಂದರು.

ಆ ಒಂದು ಮಾತು ನನ್ನ ಕೈಯನ್ನು ತಿದ್ದಿತು. ಅಲ್ಲಿಯವರೆಗೆ ಬಿಗಿ ಎಂದರೆ ಬಲ ಎಂದುಕೊಂಡಿದ್ದೆ. ಸಕ್ಕರೆ ಪಾಕ ಒಂದೆಳೆಗೆ ಬಂದದ್ದನ್ನು ಅಡುಗೆಯವರು ಎರಡು ಬೆರಳ ನಡುವೆ ಹಿಡಿದು ನೋಡುತ್ತಾರೆ. ಅರೆಕ್ಷಣ ಮೊದಲು ಇಳಿಸಿದರೆ ನೀರು, ಅರೆಕ್ಷಣ ತಡವಾದರೆ ಕಲ್ಲು. ಬೋಲ್ಟಿಗೂ ಅಂಥ ಒಂದು ಕ್ಷಣವಿದೆ. ಬಿಗಿ ಮಾಡುವವನ ಕೆಲಸ ಅದನ್ನು ಕಾಯುವುದು.

ಆ ಕ್ಷಣದಲ್ಲಿ ಒಳಗೆ ನಡೆಯುವುದೇನು? ಆಯಿಲ್ ಸೋರದಂತೆ ತಡೆಯುವುದು ಥ್ರೆಡ್ ಎಂದು ಹೆಚ್ಚಿನವರು ನಂಬಿದ್ದಾರೆ. ಅಲ್ಲ, ತಡೆಯುವುದು ವಾಷರು. ಅದು ತಾಮ್ರದ್ದೋ ಅಲ್ಯೂಮಿನಿಯಂದೋ ಆಗಿರುತ್ತದೆ; ಬೇಕೆಂದೇ ಮೆದು ಲೋಹದಲ್ಲಿ ಮಾಡಿರುತ್ತಾರೆ. ಬೋಲ್ಟಿನ ತಲೆ ಒತ್ತಿದಾಗ ಅದು ಜಜ್ಜಿಕೊಂಡು, ಎರಡೂ ಕಡೆಯ ಲೋಹದ ಮೇಲಿರುವ ಕಣ್ಣಿಗೆ ಕಾಣದ ಗೀರುಗಳೊಳಗೆ ತುಂಬಿಕೊಳ್ಳುತ್ತದೆ. ಕೈಗೆ "ಅದುಮಿದ ಹಾಗೆ" ತಿಳಿಯುವುದು ಇದೇ. ಒಮ್ಮೆ ಜಜ್ಜಿಸಿಕೊಂಡ ವಾಷರು ಗಡುಸಾಗಿಬಿಡುತ್ತದೆ, ಮತ್ತೆ ಅಷ್ಟು ಚೆನ್ನಾಗಿ ಬಗ್ಗುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಹೊಸದು ಹಾಕಬೇಕು. ತಾಮ್ರದ್ದಾದರೆ ಕೆಂಪಗೆ ಕಾಯಿಸಿ ಆರಿಸಿದಾಗ ಮತ್ತೆ ಮೆದುವಾಗುತ್ತದೆ. ಆ ಫಿಟರ್ ಸ್ಟೌವಿನ ಮೇಲೆ ಹಾಗೆ ಮಾಡುತ್ತಿದ್ದುದನ್ನು ನೋಡಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗಲೆಲ್ಲ ನಾನು ಹತ್ತು ವಾಷರು ಒಟ್ಟಿಗೆ ತಂದಿಟ್ಟುಕೊಳ್ಳುತ್ತೇನೆ.

ಇನ್ನು ಬಿಗಿಯ ಲೆಕ್ಕ. ಸಣ್ಣ ಬೈಕುಗಳ ಡ್ರೈನ್ ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್, ಸಣ್ಣ ಕಾರುಗಳಿಗೆ 30ರಿಂದ 40ರ ಆಸುಪಾಸು ಹೇಳಿರುತ್ತಾರೆ. 25 ಎಂದಿಟ್ಟುಕೊಳ್ಳಿ. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿ ಹಿಡಿದರೆ ಅದು ಸುಮಾರು 12–13 ಕೆ.ಜಿ. ಎಳೆತ, ಅಂದರೆ 25 ಕೆ.ಜಿ. ಅಕ್ಕಿ ಮೂಟೆಯ ಅರ್ಧ ಭಾರ. ಅಷ್ಟೇ ಸಾಕು. ಆ ಎಳೆತದಲ್ಲೂ ಹತ್ತರಲ್ಲಿ ಒಂಬತ್ತು ಪಾಲು ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೇ ಖರ್ಚಾಗುತ್ತದೆ. ನಿಜವಾಗಿ ಹಿಡಿದಿಡುವುದು ಉಳಿದ ಒಂದು ಪಾಲು. ಥ್ರೆಡ್ಡಿಗೆ ಎಣ್ಣೆ ಮೆತ್ತಿದ್ದರೆ ಘರ್ಷಣೆ ಇಳಿಯುತ್ತದೆ, ಅದೇ ಎಳೆತಕ್ಕೆ ಹಿಡಿತ ಹೆಚ್ಚಿಬಿಡುತ್ತದೆ. ನಾನು ಬೋಲ್ಟನ್ನೂ ತೂತಿನ ಬಾಯನ್ನೂ ಬನಿಯನ್ ಬಟ್ಟೆಯಲ್ಲಿ ಅಷ್ಟು ಹೊತ್ತು ಒರೆಸುತ್ತ ಕೂರುವುದು ಅದಕ್ಕೇ. ಬೋಲ್ಟಿನ ಪಿಚ್ಚು, ಅಂದರೆ ಥ್ರೆಡ್ಡಿನ ಎರಡು ಸುತ್ತುಗಳ ನಡುವಿನ ಅಂತರ, 1.5 ಮಿಲಿಮೀಟರ್ ಆದರೆ ಕಾಲು ಸುತ್ತಿಗೆ ಅದು ಮುಂದಕ್ಕೆ ಹೋಗುವುದು ಅರ್ಧ ಮಿಲಿಮೀಟರೂ ಇಲ್ಲ. ಇಡೀ ಆಟ ಆ ಅಂತರದೊಳಗೇ ಮುಗಿಯಬೇಕು.

ಇದರ ಮುಂದೆ ಲೋಕದ ಅಭಿರುಚಿ ನೋಡಿ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುತ್ತಾರೆ. 60 ಸೆಂಟಿಮೀಟರ್ ಪೈಪೆಂದರೆ ಅದೇ ಕೈಯೆಳೆತಕ್ಕೆ ಮೂರು ಪಟ್ಟು ಬಿಗಿ. ಇಂಪ್ಯಾಕ್ಟ್ ಗನ್ ಇಟ್ಟು "ಡರ್ರ್" ಎಂದು ಹೊಡೆಯುತ್ತಾರೆ. ಆ ಸದ್ದಿಗೆ ಸುತ್ತ ನಿಂತವರು ತಲೆದೂಗುತ್ತಾರೆ. ಸೋರಿದರೆ ಟೆಫ್ಲಾನ್ ಟೇಪು ಸುತ್ತುತ್ತಾರೆ, ಎಂ-ಸೀಲ್ ಮೆತ್ತುತ್ತಾರೆ. ಬೋಲ್ಟು ಉಕ್ಕಿನದು, ಎಂಜಿನ್ನಿನ ಹೊಟ್ಟೆ ಅಲ್ಯೂಮಿನಿಯಂನದು. ಈ ಜಗ್ಗಾಟದಲ್ಲಿ ಸೋಲುವುದು ಯಾವಾಗಲೂ ಎಂಜಿನ್ನೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಥ್ರೆಡ್ ಸೋಲುವುದು ಕೈಗೆ ಹೇಗೆ ತಿಳಿಯುತ್ತದೆಂದು ನಾನು ಒಮ್ಮೆ ಕಲಿತಿದ್ದೇನೆ. 2004ರಲ್ಲಿ, ಯಾವುದೋ ಅವಸರದಲ್ಲಿ, ಗೆಳೆಯನ ಬೈಕಿನ ಬೋಲ್ಟನ್ನು ಪಾಕ ಬಂದ ಮೇಲೂ "ಇರಲಿ" ಎಂದು ಇನ್ನಷ್ಟು ಎಳೆದೆ. ಗಟ್ಟಿಯಾಗಿದ್ದದ್ದು ಎರಡನೇ ಸಲ ಮೆತ್ತಗಾಯಿತು. ಮೊದಲ ಸಲದ ಮೆತ್ತಗೆ ವಾಷರಿನದು, ಎರಡನೆಯದು ಥ್ರೆಡ್ಡಿನದು. ಬೋಲ್ಟು ಬಿಚ್ಚಿದಾಗ ಬೆಳ್ಳಿಯ ತಂತಿಯಂಥ ಅಲ್ಯೂಮಿನಿಯಂ ಸುರುಳಿ ಅದರ ಜೊತೆಗೇ ಹೊರಬಂತು. ಲೇತ್ ಅಂಗಡಿಯಲ್ಲಿ ಟ್ಯಾಪ್ ಹೊಡೆಸಿ ಒಳಗೆ ಹೊಸ ಥ್ರೆಡ್ ಸುರುಳಿ ಕೂರಿಸಿಕೊಟ್ಟೆ. ಬೈಕು ಸರಿಹೋಯಿತು. ಆ "ಇರಲಿ" ಎಂಬ ಮಾತನ್ನು ಮಾತ್ರ ಅಂದಿನಿಂದ ಸ್ಪ್ಯಾನರ್ ಹಿಡಿದಾಗ ನಾನು ಆಡಿಲ್ಲ.

ಹೇಳಿದಷ್ಟು ಬಿಗಿ ಬಂದಾಗ "ಟಿಕ್" ಎನ್ನುವ ಟಾರ್ಕ್ ರೆಂಚ್ ಬಗ್ಗೆ ಕೇಳುತ್ತೀರಿ. ಇಟ್ಟುಕೊಳ್ಳಿ, ಹೊಸಬರಿಗೆ ಅದು ಶ್ರುತಿಪೆಟ್ಟಿಗೆ ಇದ್ದ ಹಾಗೆ. ಆದರೆ "ಟಿಕ್" ಎಂದಮೇಲೆ ಖಾತ್ರಿಗೆಂದು ಮತ್ತೆರಡು ಸಲ ಟಿಕ್ ಅನ್ನಿಸಬೇಡಿ. ಪ್ರತಿ ಟಿಕ್ಕಿಗೂ ಬೋಲ್ಟು ಚೂರು ಮುಂದೆ ಹೋಗುತ್ತದೆ. ಆ ಅಳತೆಯನ್ನು ಕೈ ಕಲಿತುಕೊಳ್ಳಬೇಕು, ಅದಕ್ಕಾಗಿ ರೆಂಚು.

ಉಳಿದದ್ದು ಚುಟುಕಾಗಿ. ಎಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಿ, ಸುಡುವಾಗ ಬೇಡ. ಬೋಲ್ಟಿಗೆ ಅಯಸ್ಕಾಂತವಿದ್ದರೆ ತುದಿಯಲ್ಲಿ ಬೂದು ಬಣ್ಣದ ನುಣ್ಣನೆಯ ಲೋಹದ ಪುಡಿ ಮೆತ್ತಿರುವುದು ಸಹಜ, ಚೂರುಗಳು ಸಿಕ್ಕರೆ ಯೋಚಿಸಿ. ಹಳೆಯ ಆಯಿಲನ್ನು ಚರಂಡಿಗೆ ಸುರಿಯುವವರ ಜೊತೆ ನಾನು ಮಾತಾಡುವುದಿಲ್ಲ.

ಈಗ ನೋಡುವ ಬಗೆ. ಯಾರಾದರೂ ಬೋಲ್ಟು ಹಾಕುವಾಗ ಸ್ಪ್ಯಾನರ್ ನೋಡಬೇಡಿ, ಬೆರಳು ನೋಡಿ. ಬಲ್ಲವರು ಮೊದಲು ಬೋಲ್ಟನ್ನು ಹಿಂದಕ್ಕೆ, ಬಿಚ್ಚುವ ದಿಕ್ಕಿಗೆ ತಿರುಗಿಸುತ್ತಾರೆ. ಒಂದು ಕಡೆ ಅದು "ಟಕ್" ಎಂದು ಕೂದಲೆಳೆಯಷ್ಟು ಇಳಿಯುತ್ತದೆ. ಅದೇ ಥ್ರೆಡ್ಡಿನ ಬಾಯಿ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಥ್ರೆಡ್ ಅಡ್ಡಲಾಗಿ ಕಚ್ಚಿಕೊಳ್ಳುವ ಭಯವಿಲ್ಲ. ಬಿಗಿ ಮಾಡುವ ದಿಕ್ಕನ್ನೂ ಗಮನಿಸಿ: ಬೋಲ್ಟಿನ ತಲೆಗೆ ಎದುರಾಗಿ ನೋಡಿದಾಗ ಗಡಿಯಾರದ ಮುಳ್ಳಿನಂತೆ. ಮೇಲಿನಿಂದ ಬಗ್ಗಿ ಕೈ ಹಾಕುವವರಿಗೆ ಇದು ತಿರುವುಮುರುವಾಗಿ, ಬಿಚ್ಚುತ್ತಿದ್ದೇನೆ ಎಂದುಕೊಂಡೇ ಬಿಗಿ ಮಾಡಿ ಕೆಡಿಸಿದ್ದುಂಟು. ಆಮೇಲೆ ಬಲ್ಲವರು ಸ್ಪ್ಯಾನರನ್ನು ಎಲ್ಲಿ ಹಿಡಿಯುತ್ತಾರೆ ನೋಡಿ; ಒಳ್ಳೆಯ ಕೈ ತುದಿಗೆ ಹೋಗುವುದಿಲ್ಲ, ಕೊರಳಿನ ಹತ್ತಿರವೇ ಇರುತ್ತದೆ. ಕೊನೆಯ ಕಾಲು ಸುತ್ತಿನಲ್ಲಿ ಮಾತಾಡಬೇಡಿ, ಪ್ರಶ್ನೆ ಕೇಳಬೇಡಿ. ಮಣಿಕಟ್ಟು ನಿಂತ ಕ್ಷಣವನ್ನು ಗುರುತಿಸಿದಿರಾದರೆ ಆ ದಿನ ನೀವು ಸುಮ್ಮನೆ ಕೂತು ಎದ್ದಿಲ್ಲ ಎಂದರ್ಥ.

ಮರುದಿನ ಬೆಳಿಗ್ಗೆ ಎಂಜಿನ್ ಕೆಳಗೆ ಹಾಸಿದ ಪೇಪರಿನಲ್ಲಿ ಹನಿ ಇಲ್ಲದಿದ್ದರೆ ಸಾಕು ಎನ್ನುವವರಿದ್ದಾರೆ. ನನಗೆ ಅದು ಸಾಲದು. ಪೈಪು ಹಾಕಿ ಜಗ್ಗಿದ ಬೋಲ್ಟೂ ಆ ದಿನ ಸೋರುವುದಿಲ್ಲ. ನಿಜ ತಿಳಿಯುವುದು ಮುಂದಿನ ಸಲ ಬಿಚ್ಚುವಾಗ. ಸ್ಪ್ಯಾನರ್ ಇಟ್ಟು ಅಂಗೈಯಿಂದ ಒಮ್ಮೆ ತಟ್ಟಿದರೆ ಬೋಲ್ಟು ಬಿಡಬೇಕು, ಉಳಿದ ಸುತ್ತೆಲ್ಲ ಬೆರಳಿಗೇ ಬರಬೇಕು. ಹಿಂದೆ ಬಿಗಿ ಮಾಡಿದವನ ಕೈ ಎಂಥದ್ದೆಂಬುದು ಬಿಚ್ಚುವವನ ಕೈಗೆ ಗೊತ್ತಾಗುತ್ತದೆ.

ಪಕ್ಕದ ಮನೆಯ ಹುಡುಗನಿಗೆ ಹೇಳಿಟ್ಟಿದ್ದೇನೆ. ಮುಂದಿನ ಆಯಿಲ್ ಬದಲಾವಣೆಗೆ ಅವನು ಬರಬೇಕು, ಮೊಬೈಲ್ ಮನೆಯಲ್ಲಿಟ್ಟು. ನಾನು ಕೂರಿಸಿದ ಬೋಲ್ಟನ್ನು ಅವನೇ ಬಿಚ್ಚಲಿ.